ಕೈ ನಿಂತದ್ದೆಷ್ಟು, ಯಂತ್ರ ನಿಂತದ್ದೆಷ್ಟು

ನಾಹಿದಾ ಬೆಳಿಗ್ಗೆ ಒಂಬತ್ತೂವರೆಗೆ ಮಸ್ಕಿ ಬಸ್ಸಿನಿಂದ ಇಳಿಯುತ್ತಾಳೆ. ಸಿಂಧನೂರಿನ ಬಸ್‌ಸ್ಟ್ಯಾಂಡಿನಿಂದ ನಮ್ಮ ಟೈಪಿಂಗ್ ಶಾಲೆಗೆ ಹತ್ತು ನಿಮಿಷದ ದಾರಿ. ಆಟೊದವರು ಎಷ್ಟು ಕರೆದರೂ ಹತ್ತುವುದಿಲ್ಲ, ನಡೆದೇ ಬರುತ್ತಾಳೆ. ಕಿರಾಣಿ ಅಂಗಡಿಯ ಪಕ್ಕದ ಮೆಟ್ಟಿಲು ಏರುವಾಗ ಅವಳ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಅವತ್ತು ಬಸ್ಸಿನಲ್ಲಿ ಸೀಟು ಸಿಕ್ಕಿತ್ತೋ ಮಸ್ಕಿಯಿಂದ ನಿಂತೇ ಬಂದಳೋ ತಿಳಿಯುತ್ತದೆ. ನಲವತ್ತಕ್ಕೆ ಒಂದು ವರ್ಷ ಕಡಿಮೆ ಅವಳಿಗೆ. ಏಳು ವರ್ಷದವಳಿದ್ದಾಗಿನಿಂದ ನಾನು ಅವಳನ್ನು ಕಂಡಿದ್ದೇನೆ.

ಈ ಶಾಲೆಗೆ ಕಸ ಗುಡಿಸಲು, ನೀರು ತುಂಬಿಡಲು ನಾನು ಬಂದದ್ದು ಮೂವತ್ತೆರಡು ವರ್ಷದ ಹಿಂದೆ. ಆಗ ಮಹಡಿಯ ಮೇಲೆ ಹದಿನೈದು ಟೈಪ್‌ರೈಟರ್‌ಗಳಿದ್ದವು. ನಾಹಿದಾಳ ಅಪ್ಪ ಹಸನ್‌ಸಾಬ್ ಅವುಗಳ ರಿಪೇರಿ ಮಾಡುವವರು. ಕಿಟಕಿಯ ಹತ್ತಿರ ಒಂದು ಮೇಜು, ಮೇಲೆ ಎಣ್ಣೆ ಶೀಸೆ, ಹಳೆಯ ಹಲ್ಲುಜ್ಜುವ ಬ್ರಷ್, ಚಿಮಟ, ಸಣ್ಣ ಸಣ್ಣ ಸ್ಪ್ರಿಂಗ್ ತುಂಬಿದ ಬೆಲ್ಲದ ಡಬ್ಬಿ. ಸಾಲೆ ಬಿಟ್ಟ ಮೇಲೆ ನಾಹಿದಾ ಬಂದು ಆ ಮೇಜಿನ ಕೆಳಗೆ ಕೂತುಬಿಡುವಳು. ಅಪ್ಪ ಕೈ ಚಾಚಿದರೆ ಸಾಕು, ಏನು ಬೇಕೆಂದು ಕೇಳದೆ ಕೊಡುವಳು. ಹದಿನೈದು ಯಂತ್ರಗಳು ಒಟ್ಟಿಗೆ ಬಡಿಯುವಾಗ ಮಾತು ಕೇಳುತ್ತಿರಲಿಲ್ಲ. ನಾವೆಲ್ಲ ಕೈಸನ್ನೆಯಲ್ಲೇ ಸಂಸಾರ ಮಾಡುತ್ತಿದ್ದೆವು. ಸಾಲು ಮುಗಿದಾಗ ಒಂದೊಂದು ಯಂತ್ರದ ಗಂಟೆ ಒಂದೊಂದು ದನಿಯಲ್ಲಿ ಟಿಣ್ ಅನ್ನುತ್ತಿತ್ತು. ಆ ಸಪ್ಪಳ ಈಗ ಎಲ್ಲಿಯೂ ಇಲ್ಲ. ಅಕ್ಕಿ ಮಿಲ್ಲಿನ ಸದ್ದು ಇದೆ, ಟ್ರ್ಯಾಕ್ಟರಿನದು ಇದೆ, ಅದು ಮಾತ್ರ ಇಲ್ಲ.

ಶಾಲೆ ವೆಂಕೋಬ ಮಾಸ್ತರರದು. ಅವರದು ಒಂದು ಕಟ್ಟುನಿಟ್ಟು. ಟೈಪಿಂಗ್ ಪರೀಕ್ಷೆಗೆ ಕೂರಬೇಕಾದರೆ ಫಾರಂ ಮೇಲೆ ಶಾಲೆಯ ಸಹಿ ಬೇಕು. ಹತ್ತು ನಿಮಿಷ ಹೊಡೆಯುವಾಗ ಕೈ ಮೂರು ಸಲಕ್ಕಿಂತ ಹೆಚ್ಚು ನಿಂತಿತೋ, ಸಹಿ ಇಲ್ಲ. ತಪ್ಪು ಅಕ್ಷರ ಬಿದ್ದರೆ ತಿದ್ದಬಹುದು, ನಿಲ್ಲುವ ಕೈಯನ್ನು ತಿದ್ದುವುದು ಕಷ್ಟ ಎಂದು ಅವರ ಮಾತು. ಅಭ್ಯಾಸ ಮಾಡುವವರ ಕೈ ಮೇಲೆ ಒಂದು ಟವೆಲ್ ಹಾಕುವರು, ಕೀಲಿ ನೋಡಬಾರದು, ಕಾಗದ ಮಾತ್ರ ನೋಡಬೇಕು. ತಾವು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಕೈ ನಿಂತಾಗೊಮ್ಮೆ ತಟ್ಟೆಗೆ ಒಂದು ಹುಣಸೆ ಬೀಜ ಹಾಕುವರು. ಎರಡು ಸೆಕೆಂಡು ನಿಂತರೆ ಒಂದು ಬೀಜ. ನಾಲ್ಕನೇ ಬೀಜ ಬಿದ್ದ ಸಪ್ಪಳ ಕೇಳಿ ಅಳುತ್ತ ಎದ್ದು ಹೋದ ಗಂಡಸರನ್ನೂ ನೋಡಿದ್ದೇನೆ.

ಹದಿನಾರನೇ ವರ್ಷಕ್ಕೆ ನಾಹಿದಾ ಟವೆಲಿನ ಕೆಳಗೆ ಕೈ ಇಟ್ಟಳು. ಹತ್ತು ನಿಮಿಷ ತಟ್ಟೆ ಖಾಲಿ ಇತ್ತು. ಹಸನ್‌ಸಾಬ್ ಕಿಟಕಿಯ ಕಡೆ ತಿರುಗಿ, ರಿಪೇರಿಯಾಗಿದ್ದ ಸ್ಪ್ರಿಂಗನ್ನೇ ಮತ್ತೆ ಬಿಚ್ಚಿ ಕೂಡಿಸುತ್ತಿದ್ದರು. ಮಾಸ್ತರರು ಅಂದರು:

“ಹಸನ್‌ಸಾಬ್, ನಿಮ್ಮ ಮಗಳ ಕೈಗೆ ನೀವು ಎಣ್ಣಿ ಬಿಟ್ಟೀರೇನ್ರಿ?”

“ನಾ ಯಂತ್ರಕ್ಕ ಬಿಟ್ಟೀನಿ ಮಾಸ್ತರ. ಕೈ ಅಕೀದs.”

ಮುಂದೆ ಅವಳು ಡಿಗ್ರಿ ಮಾಡಿ ಕಂಪ್ಯೂಟರ್ ಕಲಿತಳು. ಮಸ್ಕಿಯಲ್ಲಿ ಗಾಡಿ ರಿಪೇರಿ ಅಂಗಡಿ ಇಟ್ಟಿರುವ ನಾಸೀರ್‌ಗೆ ಕೊಟ್ಟು ಮದುವೆ ಮಾಡಿದರು. ಶಾಲೆಯಲ್ಲಿ ಟೈಪ್‌ರೈಟರ್‌ಗಳು ಹೋಗಿ ಕಂಪ್ಯೂಟರ್ ಬಂದಾಗ ಮಾಸ್ತರರೇ ಕಲಿಸಲು ಅವಳನ್ನು ಕರೆಸಿದರು. ಹದಿನೈದು ಯಂತ್ರಗಳನ್ನು ಗುಜರಿ ಗಾಡಿಗೆ ಏರಿಸಿದ ದಿನ ಹಸನ್‌ಸಾಬ್ ಒಂದೊಂದನ್ನೂ ಒರೆಸಿ ಕೊಟ್ಟರು. ಗುಜರಿಯವನು, “ಒಡ್ಯಾಕ ಒಯ್ಯಾಕತ್ತೀನಿ, ಯಾಕ ಒರಸ್ತೀರಿ ಚಾಚಾ?” ಅಂದ. ಅವರು ಮುಂದಿನದನ್ನು ಒರೆಸತೊಡಗಿದರು. ಅದಾಗಿ ಎರಡು ವರ್ಷಕ್ಕೆ ತೀರಿಕೊಂಡರು.

ಹೊಸ ಕೀಲಿಗಳ ಸಪ್ಪಳ ಬಹಳ ಸಣ್ಣದು, ಮಳೆಹನಿ ನಿಂತ ಮೇಲೆ ತಗಡಿನಿಂದ ತೊಟ್ಟಿಕ್ಕಿದ ಹಾಗೆ. ಮಾಸ್ತರರಿಗೆ ಆಗಲೇ ಕಿವಿ ಮಂದವಾಗಿತ್ತು. ಬೀಜ ಕೈಯಲ್ಲಿ ಹಿಡಿದು ಕೂರುವರು, ಹಾಕಬೇಕೋ ಬಿಡಬೇಕೋ ತಿಳಿಯದು. ಒಂದು ದಿನ ನಾಹಿದಾಳಿಗೆ ಹೇಳಿದರು:

“ನನ್ನ ಕಿವಿ ಹೋತು. ಕೈ ನಿಂತಿದ್ದನ್ನ ಎಣಸೂದು ಒಂದು ನಿನ್ನ ಯಂತ್ರಕ್ಕ ಕಲಿಸು.”

ಅವಳು ಜಾವಾ ಎಂಬ ಭಾಷೆಯಲ್ಲಿ ಅದನ್ನು ಬರೆದುಕೊಟ್ಟಳು. ಹೊಡೆಯುವವರು ಎರಡು ಸೆಕೆಂಡು ಕೀಲಿ ಮುಟ್ಟದಿದ್ದರೆ ಯಂತ್ರ ಒಂದು ಎಣಿಸುತ್ತದೆ, ಹತ್ತು ನಿಮಿಷಕ್ಕೆ ಮೊತ್ತ ತೋರಿಸುತ್ತದೆ. ಮಾಸ್ತರರಿಗೆ ಅದು ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ತೋರಿಸಿ, “ಇದಕ್ಕ ಮುಖ ನೋಡಿ ಮಣಿ ಹಾಕೂದು ಗೊತ್ತಿಲ್ಲ” ಅನ್ನುವರು. ಟವೆಲ್ ಮಾತ್ರ ಬಿಡಲಿಲ್ಲ. ಕೈ ಮೇಲೆ ಹಾಕುತ್ತಿದ್ದುದನ್ನು ಈಗ ಪರದೆಯ ಮೇಲೆ ಹಾಕಿದರು. ಪರದೆ ನೋಡುತ್ತ ಹೊಡೆಯಬಾರದಲ್ಲ.

ಹೀಗೇ ವರ್ಷಗಳು ನಡೆದವು. ಈಚೆಗೆ ಕನ್ನಡ ಟೈಪಿಂಗಿಗೆ ಬರುವವರು ಹೆಚ್ಚಾದರು. ಕಸ್ತೂರೆಮ್ಮ ಬರುವ ನಾಲ್ಕು ವರ್ಷ ಮೊದಲೇ ನಾಹಿದಾ ಅದಕ್ಕೂ ಪ್ರೋಗ್ರಾಂ ಹೊಂದಿಸಿದ್ದಳು. ಕಂಪ್ಯೂಟರುಗಳು ಮಾತ್ರ ಹಳೆಯವು, ಮೊದಲು ತಂದ ಅವೇ ನಾಲ್ಕು.

ಕಸ್ತೂರೆಮ್ಮ ಬಂದದ್ದು ಹೋದ ವರ್ಷ. ಬಳಗಾನೂರಿನವಳು. ಅವಳ ಗಂಡ ಸೂಗಪ್ಪ ಒಂದು ಸರಕಾರಿ ಕಚೇರಿಯಲ್ಲಿ ನೌಕರಿಯಲ್ಲಿದ್ದಾಗಲೇ ತೀರಿಕೊಂಡಿದ್ದ. ಆ ಕೆಲಸ ಇವಳಿಗೆ ಕೊಟ್ಟಿದ್ದರು, ಆದರೆ ಇಂತಿಷ್ಟು ವರ್ಷದೊಳಗೆ ಕನ್ನಡ ಟೈಪಿಂಗ್ ಪಾಸಾಗಬೇಕು. ಆ ವರ್ಷಗಳು ಮುಗಿಯುತ್ತ ಬಂದಿದ್ದವು. ಮುಂದಿನ ಪರೀಕ್ಷೆಯೇ ಅವಳಿಗೆ ಕೊನೆಯದು. ಸಂಜೆ ಕಚೇರಿ ಬಿಟ್ಟು ನೇರ ಇಲ್ಲಿಗೆ ಬರುವಳು. ಎಣ್ಣೆ ಹಚ್ಚಿ ಬಿಗಿದ ತುರುಬು, ಟಿಫಿನ್ ಡಬ್ಬಿಯ ಚೀಲ. ಹೊಲದಲ್ಲಿ ಸಸಿ ಹಚ್ಚಿದ ಕೈ, ಬೆರಳು ದಪ್ಪ. ಮೊದಲು ಬಹಳ ತಡವರಿಸಿದಳು. ಆರು ತಿಂಗಳಲ್ಲಿ ಆ ಬೆರಳುಗಳು ಹೇಗೆ ಓಡತೊಡಗಿದವು ಅಂದರೆ, ಗುಡಿಸುತ್ತಿದ್ದ ನಾನು ಪೊರಕೆ ಹಿಡಿದು ಕೇಳುತ್ತ ನಿಲ್ಲುವೆ.

ಫಾರಂ ಕೊಡುವ ವಾರದ ಸೋಮವಾರ ಮಾಸ್ತರರು ಅವಳನ್ನು ಕೂರಿಸಿದರು. ಹತ್ತು ನಿಮಿಷ ಮುಗಿದು ಟವೆಲ್ ತೆಗೆದರೆ ಯಂತ್ರ ಹನ್ನೊಂದು ತೋರಿಸಿತು.

“ಹನ್ನೊಂದು ಸಲ ನಿಂತದ. ಸಹಿ ಮಾಡಾಂಗಿಲ್ಲವ್ವ.”

“ಸರ, ನಾ ನಿಲ್ಲಿಸಿಲ್ರಿ.”

“ಎಲ್ಲಾರೂ ಹಂಗs ಅಂತಾರ. ಇದಕ್ಕ ನಿನ್ನ ಮ್ಯಾಲ ಏನ್ ಸಿಟ್ಟದ?”

“ಇದು ನನ್ನ ಆಖರಿ ಪರೀಕ್ಷಾರಿ. ಇದು ಬಿಟ್ರ ನೌಕರಿ ಹೋಗತದ. ಶುಕ್ರವಾರ ಆಖರಿ ತಾರೀಖು.”

ಮಾಸ್ತರರು ಗೋಡೆ ನೋಡಿದರು. ಕೆಟ್ಟವರಲ್ಲ ಅವರು. ನಲವತ್ತು ವರ್ಷ ಒಬ್ಬರಿಗೂ ಬಿಟ್ಟುಕೊಡದ ನಿಯಮ ಅದು. ಅಣ್ಣನ ಮಗ ವೀರೇಂದ್ರನಿಗೂ ಸಹಿ ಮಾಡಿರಲಿಲ್ಲ. ಆ ಮನೆಯವರು ಹಬ್ಬಕ್ಕೆ ಕರೆಯುವುದನ್ನೇ ಬಿಟ್ಟಿದ್ದರು. “ಗುರುವಾರ ತನಕ ಅಭ್ಯಾಸ ಮಾಡು, ನೋಡೂಣು” ಎಂದಷ್ಟೇ ಅಂದರು. ಬೇರೆ ಶಾಲೆಗೆ ಹೋಗಿ ಸೇರುವಷ್ಟು ದಿನ ಉಳಿದಿರಲಿಲ್ಲ.

ಆ ಹತ್ತು ನಿಮಿಷ ನಾನು ಅದೇ ಕೋಣೆಯಲ್ಲಿ ಕಿಟಕಿ ಒರೆಸುತ್ತಿದ್ದೆ. ಅವಳ ಕೈ ಎರಡು ಸಲ ನಿಂತದ್ದು ಕೇಳಿದ್ದೆ. ಹನ್ನೊಂದು ಸಲ ಅಲ್ಲ. ಮರುದಿನ ನಾಹಿದಾ ಚಹಾ ಕುಡಿಯುವಾಗ ಹೇಳಿದೆ. ಅವಳ ಮುಖ ಬಿಗಿಯಿತು.

“ಖಾಲಾ, ಆ ಪ್ರೋಗ್ರಾಂ ನಾ ಬರ್ದೀನಿ. ಒಂಬತ್ತು ಸಲ ತಪ್ಪು ಹೆಂಗ ಎಣಸ್ತದ?”

“ನನಗೇನ್ ಗೊತ್ತು ಬೇಟಿ. ಕೇಳ್ಸಿದ್ದು ಹೇಳ್ದೆ.”

“ನಿನಗ ಅಕೀ ಮ್ಯಾಲ ಮಾಯಾ ಅದ. ಅದಕ್ಕ ಹಂಗ ಕೇಳ್ಸಿರಬೇಕು.”

“ಮಾಯಾ ಅದ. ಕಿವೀನೂ ಅದ.”

ಅವಳು ಲೋಟ ಇಟ್ಟು ಎದ್ದು ಹೋದಳು. ಅರ್ಧ ಗಂಟೆಯ ಮೇಲೆ ಅವಳೇ ಬಂದು ಬಾಗಿಲ ಹತ್ತಿರ ನಿಂತಳು. “ಸಂಜಿಗೆ ಕಸ್ತೂರೆಮ್ಮ ಬಂದಾಗ ನೀ ನನ್ನ ಬಾಜೂ ಕೂಡು. ಅಕೀ ಕೈ ನಿಂತ್ರ ನನ್ನ ಭುಜ ಮುಟ್ಟು” ಅಂದಳು.

ಸಂಜೆ ಕಸ್ತೂರೆಮ್ಮ ಕಾಗದ ನೋಡುತ್ತ ಹೊಡೆಯತೊಡಗಿದಳು. ನಾಹಿದಾ ಮೊದಲ ಸಲ, ಹೊಡೆಯುತ್ತಿರುವಾಗಲೇ, ಆ ಪರದೆಯ ಟವೆಲ್ ತೆಗೆದಳು. ಮೂರನೇ ನಿಮಿಷಕ್ಕೆ ನಾನೂ ಕಂಡೆ. ಕೆಳಗೆ ಬೆರಳು ಓಡುತ್ತಲೇ ಇವೆ, ಮೇಲೆ ಪರದೆಯಲ್ಲಿ ಅಕ್ಷರ ಬರುವುದು ನಿಂತಿದೆ. ಎರಡು ಮೂರು ಸೆಕೆಂಡು ಕಳೆಯಿತು. ಆಮೇಲೆ ಹತ್ತು ಹದಿನೈದು ಅಕ್ಷರ ಒಮ್ಮೆಲೇ ದಬದಬ ಬಂದು ಬಿದ್ದವು. ನಾನು ಅವಳ ಭುಜ ಮುಟ್ಟಿರಲಿಲ್ಲ. ಯಂತ್ರ ಒಂದು ಎಣಿಸಿಬಿಟ್ಟಿತ್ತು.

“ಯಾ ಅಲ್ಲಾ,” ಅಂದಳು ನಾಹಿದಾ. “ಇಷ್ಟು ವರ್ಷ ಟವೆಲ್ ಹಾಕಿ ಇಟ್ಟೀವಿ.”

ಕೈ ನಿಂತಿರಲಿಲ್ಲ, ಯಂತ್ರ ನಿಂತಿತ್ತು. ನಿಂತು, ತನ್ನ ನಿಲುಗಡೆಯನ್ನು ಅವಳ ಹೆಸರಿಗೆ ಬರೆದಿತ್ತು.

ಯಾಕೆ ನಿಂತಿತು ಎಂದು ಕೇಳಿದೆ. ನನಗೆ ತಿಳಿಯುವ ಹಾಗೆ ಹೇಳಿದಳು. ಜಾವಾ ಪ್ರೋಗ್ರಾಂ ಓಡುವುದು ಕಂಪ್ಯೂಟರಿನೊಳಗೆ ಇರುವ, ಕಣ್ಣಿಗೆ ಕಾಣದ ಇನ್ನೊಂದು ಯಂತ್ರದ ಮೇಲಂತೆ. ಕೆಲಸ ನಡೆದ ಹಾಗೆ ಅದರಲ್ಲಿ ಬೇಡವಾದದ್ದು ಬೀಳುತ್ತ ಹೋಗುತ್ತದೆ. ಜಾಗ ತುಂಬಿದಾಗ ಆ ಯಂತ್ರವೇ ಗುಡಿಸಿಕೊಳ್ಳುತ್ತದೆ.

“ನೀ ಗುಡಸೂ ಮುಂದ ಏನಂತಿ?”

“ಕಾಲು ಎತ್ರಿ, ಕೈ ತಡೀರಿ ಅಂತೀನಿ.”

“ಎಲ್ಲಾರೂ ಎತ್ತೂ ತನಕ?”

“ನಿಂತಿರ್ತೀನಿ. ಕಡೀಕ ಎತ್ತಾವ ಒಬ್ಬಾವ ಇದ್ದs ಇರ್ತಾನ.”

“ಅಷ್ಟs ಖಾಲಾ. ಇದೂ ಎಲ್ಲಾರನ್ನೂ ತಡೀರಿ ಅಂತದ. ಕಡೀಯವ ತಡಿಯೂ ತನಕ ಕಾಯ್ತದ, ಆಮ್ಯಾಲ ಗುಡಸ್ತದ. ಅಷ್ಟೊತ್ತು ಹೊಡದ ಅಕ್ಷರ ಬಾಗಲ ಹೊರಗ ನಿಂತಿರ್ತಾವ. ನನ್ನ ಪ್ರೋಗ್ರಾಂಗ ತಾ ನಿಂತದ್ದು ತನಗs ಗೊತ್ತಿಲ್ಲ. ಎದ್ದು ಗಡಿಯಾರ ನೋಡಿ, ‘ಏ, ಎರಡು ಸೆಕೆಂಡು ಆತು, ಅಕೀನs ನಿಂತಾಳ’ ಅಂತ ಬರೀತದ.”

ಇಂಗ್ಲಿಷ್ ಹೊಡೆಯುವವರಿಗೆ ಇದು ಅಷ್ಟಾಗಿ ತಟ್ಟಿರಲಿಲ್ಲ. ಕನ್ನಡದ ಒತ್ತಕ್ಷರ ಜೋಡಿಸಲು ಅವಳ ಪ್ರೋಗ್ರಾಂ ಹೆಚ್ಚು ಕಸ ಮಾಡುತ್ತಿತ್ತು. ಹಳೆಯ ಯಂತ್ರದಲ್ಲಿ ಜಾಗ ಕಡಿಮೆ. ಬೇಗ ಬೇಗ ಹೊಡೆದಷ್ಟೂ ಬೇಗ ಬೇಗ ತುಂಬುವುದು. ಕೈ ಒಳ್ಳೆಯದಾದಷ್ಟೂ ಯಂತ್ರ ಹೆಚ್ಚು ಸಲ ನಿಲ್ಲುವುದು. ಇದನ್ನು ಹೇಳುವಾಗ ನಾಹಿದಾ ನನ್ನ ಕಡೆ ನೋಡಲಿಲ್ಲ.

ನೋಡಿದ್ದನ್ನು ಮಾಸ್ತರರಿಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಎಷ್ಟು ಸಲ, ಯಾವಾಗ ಎಂದು ಅಂಕಿಯಲ್ಲಿ ತೋರಿಸಬೇಕು. ಆ ಒಳಗಿನ ಯಂತ್ರ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡಿರುತ್ತದಂತೆ: ಇಲ್ಲಿಯ ತನಕ ಎಷ್ಟು ಸಲ ಎಲ್ಲರನ್ನೂ ನಿಲ್ಲಿಸಿದೆ, ಒಟ್ಟು ಎಷ್ಟು ಹೊತ್ತು ನಿಲ್ಲಿಸಿದೆ, ಕಡೆಯವನು ನಿಲ್ಲಲಿ ಎಂದು ಎಷ್ಟು ಹೊತ್ತು ಕಾದಿದೆ. ಹೊರಗಿನಿಂದ ನೋಡುವ ದಾರಿಗಳಿವೆ, ಆದರೆ ಅವಳಿಗೆ ಪ್ರೋಗ್ರಾಮೇ ಒಳಗಿನಿಂದ, ಪರೀಕ್ಷೆ ನಡೆಯುವಾಗಲೇ ಕೇಳಬೇಕಿತ್ತು. ಆ ಲೆಕ್ಕದ ಕೋಣೆಗೆ ಸುಮ್ಮನೆ ಯಾರನ್ನೂ ಬಿಡುವುದಿಲ್ಲವಂತೆ. ಶುರು ಮಾಡುವಾಗಲೇ ಇಂಥವರನ್ನು ಒಳಗೆ ಬಿಡು ಎಂದು ಹೇಳಿರಬೇಕು. ಅದು ತಿಳಿಯಲು ಬುಧವಾರ ಇಡೀ ಹಿಡಿಯಿತು. ಊಟದ ಡಬ್ಬಿ ಬಿಚ್ಚಲೇ ಇಲ್ಲ. ಅಪ್ಪನ ಹಾಗೆಯೇ, ಕೆಲಸ ಕೈಕೊಟ್ಟಾಗ ಕೆಳತುಟಿ ಕಚ್ಚಿಕೊಂಡು ಕೂತಿದ್ದಳು. ಅದನ್ನು ನೋಡಿ ಕಿಟಕಿಯ ಹತ್ತಿರದ ಆ ಮೇಜು ನೆನಪಾಯಿತು. ಈಗ ಅಲ್ಲಿ ಪ್ರಿಂಟರ್ ಇದೆ.

ಗುರುವಾರ ಮಧ್ಯಾಹ್ನ ಕೂಗಿದಳು: “ಖಾಲಾ, ಬಾ ಇಲ್ಲೆ! ಮಾತಾಡಾಕತ್ತದ!”

ಪರದೆಯಲ್ಲಿ ಈಗ ಎರಡು ಸಾಲು. ಒಂದು ಕೈಯದು, ಇನ್ನೊಂದು ಯಂತ್ರದ್ದು. ಎರಡು ಸೆಕೆಂಡು ಅಕ್ಷರ ಬಾರದಿದ್ದರೆ ಪ್ರೋಗ್ರಾಂ ಮೊದಲು ಒಳಗಿನ ಲೆಕ್ಕ ಕೇಳುತ್ತದೆ, ಹಿಂದಿನ ಅಕ್ಷರದಿಂದ ಈಚೆಗೆ ನೀನು ನಿಂತೆಯಾ, ಎಷ್ಟು ಹೊತ್ತು ಎಂದು. ನಿಂತಿದ್ದರೆ ಅದರ ಸಾಲಿಗೆ, ಇಲ್ಲದಿದ್ದರೆ ಕೈಯ ಸಾಲಿಗೆ. ಸಂಜೆ ಕಸ್ತೂರೆಮ್ಮ ಹೊಡೆದಳು. ಅವತ್ತೂ ಮೊತ್ತ ಹನ್ನೊಂದೇ, ಅದರಲ್ಲಿ ಒಂಬತ್ತು ಯಂತ್ರದ್ದು, ಎರಡು ಕೈಯದು.

ಕಸ್ತೂರೆಮ್ಮ ಬಹಳ ಹೊತ್ತು ಆ ಎರಡನ್ನೇ ನೋಡಿದಳು. “ಮೇಡಂ, ಆ ಎರಡು ನನ್ನವs ರೀ. ಒಂದ್ಸಲ ಹಾಳಿ ಹಾರ್ತು, ಹಿಡದೆ. ಇನ್ನೊಂದ್ಸಲ ಯಾಕಂತ ಗೊತ್ತಿಲ್ಲ.” ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

ನಾನು ಕೇಳಿದೆ, “ಹಂಗಾದ್ರ ಹಿಂದಿನವರದೂ ಹುಡುಕಬಹುದೇನು? ಸಹಿ ಸಿಗಲಾರದ ಹೋದವರದು?”

“ಇಲ್ಲ ಖಾಲಾ. ಪ್ರೋಗ್ರಾಂ ಬಂದ್ ಮಾಡಿದ್ರ ಒಳಗಿನ ಲೆಕ್ಕ ಹೋಗಿಬಿಡ್ತದ. ನಾ ಆವಾಗ ಕೇಳೇ ಇಲ್ಲಲ್ಲ.” ಕನ್ನಡ ಟೈಪಿಂಗಿಗೆ ಬಂದು ಸಹಿ ಸಿಗದೆ ವಾಪಸು ಹೋದ ಏಳು ಜನರ ಹೆಸರು ಅವಳಿಗೆ ಬಾಯಿಪಾಠ ಬಂದಿತ್ತು. ಒಂದೊಂದಾಗಿ ಹೇಳಿದಳು. ಲಿಂಗಸುಗೂರಿನ ಒಬ್ಬ, ಜವಳಗೇರಾದ ಇಬ್ಬರು ಹೆಣ್ಣುಮಕ್ಕಳು. ಜವಳಗೇರಾದ ಒಬ್ಬಳು ಈಗ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ.

ಗುರುವಾರ ಮಾಸ್ತರರು ಜ್ವರ ಎಂದು ಬರಲಿಲ್ಲ. ಶುಕ್ರವಾರ ಹತ್ತು ಗಂಟೆಗೆ ಶಾಲು ಹೊದ್ದು ಬಂದರು. ಕಸ್ತೂರೆಮ್ಮ ಅರ್ಧ ದಿನ ರಜೆ ಹಾಕಿ ಫಾರಂ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಐದು ಗಂಟೆಯೊಳಗೆ ಅದು ಲಿಂಗಸುಗೂರಿನಲ್ಲಿ ಒಪ್ಪಿಸಬೇಕು.

ನಾಹಿದಾ ನಿಂತೇ ಹೇಳಿದಳು, ಕೈ ಕಟ್ಟಿಕೊಂಡು, ಹುಡುಗಿಯಾಗಿದ್ದಾಗಿನ ಹಾಗೆ.

“ಸರ್, ತಪ್ಪು ನಂದು. ಕಸ್ತೂರೆಮ್ಮಂದಲ್ಲ. ಯಂತ್ರ ನಿಂತಿದ್ದು ಅಕೀ ಹೆಸರಿಗೆ ಹೋಗ್ಯದ.”

“ಅಕೀ ಅತ್ತಾಳ, ನೀ ಕರಗೀದಿ.”

“ಇಲ್ಲ ಸರ್.”

“ಮತ್ತ? ನಾಕು ವರ್ಷ ಈ ಯಂತ್ರ ಖರೇ ಹೇಳ್ತು, ಈ ವಾರ ಸುಳ್ಳು ಹೇಳಾಕತ್ತದೇನು?”

“ನಾಕು ವರ್ಷದಿಂದನೂ ಹೇಳ್ಯದ ಸರ್. ನಾವು ಕೇಳಿಲ್ಲ.”

ಮಾಸ್ತರರ ಮುಖ ಕೆಂಪಾಯಿತು. ಕನ್ನಡಕ ತೆಗೆದರು, ಹಾಕಿಕೊಂಡರು. ಆಗ ನಾಹಿದಾ ಕುರ್ಚಿ ಎಳೆದು, “ನೀವs ಕೂಡ್ರಿ. ನಿಮ್ಮ ಕೈ ನಿಂತದ್ದು ಈ ಊರಾಗ ಯಾರೂ ನೋಡಿಲ್ಲ” ಅಂದಳು.

“ಏ ಹೋಗು! ಎಂಬತ್ತಕ್ಕ ಬಂದೀನಿ.”

“ಅಂಜಿಕಿ ಬರ್ತದೇನ್ ಮಾಸ್ತರ?” ಅಂದೆ ನಾನು.

“ಹಸೀನಾಬೀ, ನೀ ಪೊರಕಿ ಹಿಡಿ!” ಎಂದು ಬೈದು, ಶಾಲು ಕಳಚಿ ಕೂತರು.

ಕಾಗದ ಇಟ್ಟೆವು, ಟವೆಲ್ ಹಾಕಿದೆವು. ಮೊದಲ ಸಾಲಿನಲ್ಲಿ ಬೆರಳು ನಿಧಾನ ನಡೆದವು, ಆಮೇಲೆ ದಾರಿ ಹಿಡಿದವು. ಬೆನ್ನು ನೆಟ್ಟಗಾಯಿತು. ಸಾಲು ಮುಗಿದಾಗ ಎಡಗೈ ತಾನಾಗಿ ಮೇಲೆ ಹೋಗಿ, ಇಲ್ಲದ ಹಿಡಿಕೆಯನ್ನು ಹುಡುಕಿ, ಹಾರುತ್ತಲೇ ವಾಪಸು ಬರುತ್ತಿತ್ತು. ನಾಹಿದಾಳೂ ನಾನೂ ಮುಖ ಮುಖ ನೋಡಿಕೊಂಡೆವು. ಅಷ್ಟು ಚಂದ ಹೊಡೆಯುವ ಕೈಯನ್ನು ಆ ಕೋಣೆ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಹತ್ತು ನಿಮಿಷ ಮುಗಿಯಿತು. ನಾಹಿದಾ ಟವೆಲ್ ತೆಗೆದು, ಮೊದಲು ಹಳೆಯ ಲೆಕ್ಕವನ್ನಷ್ಟೇ ತೋರಿಸಿದಳು. ಆರು.

“ಆರು?” ಮಾಸ್ತರರು ಎದ್ದು ನಿಂತರು. “ಆರು ಸಲ ನಿಂತದ? ನನ್ನ ಕೈ? ಸುಳ್ಳು! ಹಸೀನಾಬೀ, ಹೇಳು, ನಿಂತದೇನು?”

“ಆರು ಸಲ ನಿಂತಿಲ್ಲ ಮಾಸ್ತರ.”

“ಮತ್ತ? ಇದೇನ್ ಬರದದ ಇದು!”

ಬೆಂಚಿನ ಮೇಲಿದ್ದ ಕಸ್ತೂರೆಮ್ಮ ಮೆಲ್ಲಗೆ, “ನಾನೂ ಹಂಗs ಅಂದಿದ್ದೆ ಸರ” ಅಂದಳು.

ಮಾಸ್ತರರು ಅವಳ ಕಡೆ ತಿರುಗಿದರು. ನಾಹಿದಾ ಎರಡು ಸಾಲೂ ತೆರೆದಳು. ಯಂತ್ರದ ಸಾಲಿನಲ್ಲಿ ಐದು, ಒಂದೊಂದರ ಮುಂದೆ ಎಷ್ಟು ಹೊತ್ತು ನಿಂತಿತೆಂದು. ಕೈಯ ಸಾಲಿನಲ್ಲಿ ಒಂದು. ಅವರು ಬಗ್ಗಿ, ಬೆರಳಿಟ್ಟು, ಐದನ್ನೂ ಓದಿದರು. ಆಮೇಲೆ ಆ ಒಂದರ ಹತ್ತಿರ ಬಂದರು.

“ಇದು ಯಾವ ಶಬ್ದದ ಹಂತ್ಯಾಕ ನಿಂತದ್ದು?”

ಅವಳು ಹೇಳಲು ಹಿಂಜರಿದಳು. “ಇರ್ಲಿ ಬಿಡ್ರಿ ಸರ್.”

“ಹೇಳು.”

“‘ಮೇಲ್ಕಾಣಿಸಿದ’ ಅನ್ನೂ ಹಂತ್ಯಾಕ. ಎರಡೂವರಿ ಸೆಕೆಂಡು.”

“ಹೂಂ.” ಬೆರಳು ಆ ಒಂದರ ಮೇಲೆಯೇ ಇಟ್ಟು ಅಂದರು, “ಹೌದು. ಅಲ್ಲಿ ದೀರ್ಘ ಎಲ್ಲದ ಅಂತ ಬೆರಳು ಮರ್ತಿತ್ತು. ಅದು ನಂದs.”

ಕಸ್ತೂರೆಮ್ಮನನ್ನು ಕರೆದು ಫಾರಂ ತೆಗೆದುಕೊಂಡರು. ಸಹಿ ಮಾಡಿ, ಮೊಹರು ಒತ್ತಿ, ಮಸಿ ಆರಲೆಂದು ಊದಿದರು. “ಸೋಮವಾರ ನಿನ್ನ ಮಾತು ನಂಬಿರಲಿಲ್ಲ” ಅಂದರು. ಅದಕ್ಕಿಂತ ಹೆಚ್ಚಿಗೆ ಕ್ಷಮೆ ಬೇಡಲು ಅವರಿಗೆ ಬರುವುದಿಲ್ಲ, ಅವಳೂ ಕೇಳಲಿಲ್ಲ. ನಾಹಿದಾ ಏಳು ಹೆಸರಿನ ಚೀಟಿ ಅವರ ಮುಂದೆ ಇಟ್ಟಳು. ಅದನ್ನು ಓದಿ, ಜೇಬಿಗೆ ಇಟ್ಟುಕೊಳ್ಳದೆ ಕೈಯಲ್ಲೇ ಹಿಡಿದು ಕೂತರು. “ಇವರೆಲ್ಲಾರಿಗೂ ಫೋನ್ ಹಚ್ಚು. ನಾ ಮಾತಾಡ್ತೀನಿ. ನನ್ನ ಕಿವೀಗ ಕೇಳಲಿಕ್ಕಂದ್ರ ಬೈಗಳಾ ನೀ ಕೇಳು” ಅಂದರು.

ಫೋನು ಸೋಮವಾರಕ್ಕೆ ಉಳಿಯಿತು. ಆಗಲೇ ಹನ್ನೆರಡೂವರೆ ದಾಟಿತ್ತು. ಕಸ್ತೂರೆಮ್ಮ ಲಿಂಗಸುಗೂರಿಗೆ ಒಬ್ಬಳೇ ಹೋದವಳಲ್ಲ, ಕಚೇರಿ ಎಲ್ಲಿದೆಯೋ ಗೊತ್ತಿಲ್ಲ. ನಾಹಿದಾ ತನ್ನ ಚೀಲ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಆ ದಿನ ಅವಳು ಮಸ್ಕಿಯಲ್ಲಿ ಇಳಿಯಲಿಲ್ಲವಂತೆ. ನಾಸೀರ್ ಅಂಗಡಿಯ ಮುಂದೆ ನಿಂತವನು, ಬಸ್ಸಿನ ಕಿಟಕಿಯಲ್ಲಿ ಹೆಂಡತಿ ಹಾದು ಹೋಗುವುದನ್ನು ನೋಡಿ ಸ್ಪ್ಯಾನರ್ ಎತ್ತಿ ಕೂಗಿದನಂತೆ. ಅವಳು ಫಾರಂ ತೋರಿಸಿ ಕೈಬೀಸಿದಳಂತೆ. ಮೂರು ಮುಕ್ಕಾಲಿಗೆ ಫಾರಂ ಒಪ್ಪಿಸಿ, ರಸೀದಿಯನ್ನು ಕಸ್ತೂರೆಮ್ಮನ ಟಿಫಿನ್ ಡಬ್ಬಿಯಲ್ಲಿ ಇಡಿಸಿ, ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದರಂತೆ.

ಕಸ್ತೂರೆಮ್ಮ ಆ ಪರೀಕ್ಷೆಯಲ್ಲಿ ಪಾಸಾದಳು. ನೌಕರಿ ಉಳಿಯಿತು.